‘ಡಾರ್ವಿನ್!’ ಯಾರ ನೆರಳೂ ಅಲ್ಲ

ಇಟಲಿಯ ಬಾಂಕೊ ದೆಲ್ ಮುತುವೊ ಸೊಕ್ಕೋರ್ಸೊ ರಾಕ್ ತಂಡದ, ಜೀವವಿಕಾಸದ ಕಥೆ ಹೇಳುವ 1972ರ ‘ಡಾರ್ವಿನ್!’ ಆಲ್ಬಂ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯಿತು. ಆದರೆ ಅದನ್ನು ಇಂಗ್ಲಿಷ್ ಪ್ರೋಗ್ರೆಸಿವ್ ರಾಕ್ (ಉದ್ದನೆಯ, ಸಂಕೀರ್ಣ ರಚನೆಗಳ ರಾಕ್ ಸಂಗೀತ) ತಂಡಗಳ ನೆರಳು ಎಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಆರ್ಗನ್ನಿನ ಅಬ್ಬರ ಕೇಳಿದಾಗ ಹಾಗನ್ನಿಸಬಹುದು. ತಂಡದ ಗಾಯಕ ಫ್ರಾಂಚೆಸ್ಕೊ ದಿ ಜಾಕೊಮೊ ಹಾಡಲು ಶುರು ಮಾಡಿದ ಮೇಲೆ ಆ ಮಾತು ನಿಲ್ಲುವುದಿಲ್ಲ. ಒಪೆರಾ ಹುಟ್ಟಿದ ನಾಡಿನ ಕಂಠ ಅದು.

ಎಲ್ಲರೂ ಸುಮಾರು 14 ನಿಮಿಷದ ಮೊದಲ ಹಾಡನ್ನೇ ಹೊಗಳುತ್ತಾರೆ, ನೀವೂ ಅಷ್ಟೆ. ನನ್ನನ್ನು ಹಿಡಿದು ಕೂರಿಸುವುದು ‘7,50,000 ವರ್ಷಗಳ ಹಿಂದೆ... ಪ್ರೀತಿ?’ ಎಂಬ ಅರ್ಥದ ಹೆಸರಿನ ಹಾಡು. ಇನ್ನೂ ಪೂರ್ತಿ ಮನುಷ್ಯನಾಗದ ಒಬ್ಬ ಒಂದು ಹೆಣ್ಣನ್ನು ಕಂಡು ಹಂಬಲಿಸುತ್ತಾನೆ, ಅವಳು ತನಗೆ ದಕ್ಕುವವಳಲ್ಲ ಎಂಬುದೂ ಅವನಿಗೆ ಗೊತ್ತು. ಆ ಸಂಕಟವನ್ನು ದಿ ಜಾಕೊಮೊ ಎಷ್ಟು ಮೆತ್ತಗೆ ಹಾಡುತ್ತಾರೆಂದರೆ, ಇಟಾಲಿಯನ್ ಬಾರದ ನನಗೂ ಮೊದಲ ಸಲವೇ ಗಂಟಲು ಕಟ್ಟಿತ್ತು. ಅರ್ಥ ತಿಳಿದದ್ದು ಆಮೇಲೆ.

ತಂಡದ ನೊಚೆಂಜಿ ಸಹೋದರರಿಬ್ಬರ ಬಗ್ಗೆ ಇನ್ನೆರಡು ಸಾಲು ಬರೆಯಬೇಕಿತ್ತು. ವಿತ್ತೋರಿಯೊ ಆರ್ಗನ್ನಿನಲ್ಲಿ, ಜಾನ್ನಿ ಪಿಯಾನೊದಲ್ಲಿ. ಹೆಡ್‌ಫೋನ್ ಹಾಕಿ ಕೇಳಿ, ಅಣ್ಣತಮ್ಮಂದಿರು ಮಾತಿಗೆ ಮಾತು ಕೊಟ್ಟಂತಿರುತ್ತದೆ.

ಕೊನೆಯ ಹಾಡಿನಲ್ಲಿ ಕಿರುಗುಟ್ಟುವ ಚಕ್ರದ ಸದ್ದಿದೆಯಲ್ಲ, ಅದನ್ನು ನೀವು ಬಿಟ್ಟೇಬಿಟ್ಟಿರಿ. ಆ ಹಾಡಿನ ಹೆಸರಿನ ಅರ್ಥವೇ ಹೀಗೆ: ‘ಕಾಲವನ್ನೇ ಕೇಳುತ್ತೇನೆ, ಒಂದಿಷ್ಟು ಕಾಲ ಕೊಡು ಎಂದು. ನನ್ನ ಬಳಿ ಇಲ್ಲ ಅನ್ನುತ್ತದೆ ಅದು.’ ದಿ ಜಾಕೊಮೊ 2014ರಲ್ಲಿ ತೀರಿಕೊಂಡ ಮೇಲೆ ಆ ಚಕ್ರದ ಸದ್ದನ್ನು ನಾನು ಮೊದಲಿನ ಹಾಗೆ ಕೇಳಲಾಗಿಲ್ಲ.