ಸ್ಪಷ್ಟನೆ: ಓಮ್ ಜಾಸ್ತಿ ಇದ್ದ ಮಾತ್ರಕ್ಕೆ ಆಂಪ್ ಕೊಳ್ಳಬೇಕಿಲ್ಲ

“300 ಓಮ್ ಹೆಡ್‌ಫೋನ್ ತಗೊಂಡ್ರೆ ಮುಂದಿನ ಖರ್ಚು ಆಂಪ್‌ಗೇ” ಎಂಬ ಮಾತು ಸುತ್ತುತ್ತಲೇ ಇದೆ. ಇದು ಅರ್ಧ ಸತ್ಯ. ಓಮ್ ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ; ಆಂಪ್ ಅಂದರೆ ಹೆಡ್‌ಫೋನ್‌ಗೆ ಹೆಚ್ಚು ಪವರ್ ಕೊಡುವ ಆಂಪ್ಲಿಫೈಯರ್.

ಓಮ್ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಸೆನ್‌ಹೈಸರ್ ಎಚ್‌ಡಿ 600 ಇರುವುದು 300 ಓಮ್. 1 ವೋಲ್ಟ್ ಕೊಟ್ಟರೆ 97 ಡೆಸಿಬೆಲ್ ಸದ್ದು ಬರುತ್ತದೆ. ಪವರ್ ಲೆಕ್ಕದಲ್ಲಿ 3 ಮಿಲಿವ್ಯಾಟ್ ಚಿಲ್ಲರೆ, ಅಷ್ಟೇ. ಹೈಫೈಮ್ಯಾನ್ ಎಚ್‌ಇ-6 ಬರೀ 50 ಓಮ್. ಆದರೆ 1 ಮಿಲಿವ್ಯಾಟ್‌ಗೆ 83.5 ಡೆಸಿಬೆಲ್ ಮಾತ್ರ. ಅಷ್ಟೇ ಸದ್ದಿಗೆ ಅದು ಸುಮಾರು ಏಳು ಪಟ್ಟು ಪವರ್ ಕೇಳುತ್ತದೆ. ಈಗ ಆಂಪ್ ಬೇಕಿರುವುದು ಯಾವುದಕ್ಕೆ, ನೀವೇ ಹೇಳಿ.

ಆಂಪ್ ಇಲ್ಲದೆಯೇ ಮೆಲುದನಿಯಲ್ಲಿ ರೆಕಾರ್ಡ್ ಆದ ಹಾಡೊಂದನ್ನು ಹಾಕಿ ನೋಡಿ. ವಾಲ್ಯೂಮ್ ಪೂರ್ತಿ ಏರಿಸುವ ಮೊದಲೇ ಸಾಕೆನಿಸಿತಾ? ಹಾಗಿದ್ದರೆ ಆಂಪ್ ಕಾಯಲಿ.

ನಾನೂ ಆಂಪ್ ಕೊಳ್ಳಲು ಹೊರಟವನೇ. ಆದರೆ ತೊಂದರೆ ಇದ್ದದ್ದು ಕಿವಿಯ ಸುತ್ತ ಕೂರುವ ಮೆತ್ತೆಯಲ್ಲಿ, ಅಂದರೆ ಪ್ಯಾಡ್‌ನಲ್ಲಿ. ಸ್ಪಂಜು ಚಪ್ಪಟೆಯಾಗಿ ಒಳಗಿನ ಜಾಲರಿ ಕಿವಿಗೆ ತಾಗುತ್ತಿತ್ತು! ಹೊಸ ಪ್ಯಾಡ್ ಹಾಕಿದ ಮೇಲೆ ಸದ್ದಿನ ಸ್ವಭಾವವೇ ಬದಲಾಯಿತು. ಕೇಬಲ್? ಹಾಳಾಗುವ ತನಕ ಸುಮ್ನೆ ಬಿಟ್ಟುಬಿಡಿ. ಆಮೇಲೂ ಬೇಸ್ (ತಗ್ಗು ಸ್ವರ) ಕಡಿಮೆ ಅನಿಸಿದರೆ ಅದನ್ನು ಏರಿಸಿಕೊಳ್ಳಲು ಪುಕ್ಕಟೆ ಸಿಗುವ ಈಕ್ವಲೈಜರ್ ಇದೆ ಅಲ್ವಾ.