ನಿಮ್ಮನೇಲೂ ಹೋಯ್ತಾ?

ಕರೆಂಟ್ ಹೋದರೆ ನಮ್ಮಮ್ಮ ಮೊದಲು ಮೇಣದಬತ್ತಿ ಹುಡುಕುವುದಿಲ್ಲ. ಕಿಟಕಿಗೆ ಹೋಗಿ ಎದುರುಮನೆಯ ಕಡೆ ತಿರುಗಿ, "ಏನ್ರೀ, ನಿಮ್ಮನೇಲೂ ಹೋಯ್ತಾ?" ಎಂದು ಕೂಗುತ್ತಾಳೆ. "ಹೂಂ ಕಣ್ರೀ" ಎಂದು ಬಂದರೆ ಸಮಾಧಾನ, ಜಗಲಿಯ ಮೇಲೆ ಹೋಗಿ ಕೂರುತ್ತಾಳೆ. ಅವರ ದೀಪ ಉರಿಯುತ್ತಿದ್ದರೆ ಮಾತ್ರ ನನಗೆ ಬುಲಾವು: "ಫ್ಯೂಸ್ ಹೋಗಿದೆಯೇನೋ ನೋಡೋ." ಇಷ್ಟು ಬುದ್ಧಿ ಲಕ್ಷಗಟ್ಟಲೆ ಬೆಲೆಯ ಸರ್ವರುಗಳಿಗಿಲ್ಲ ಎಂದು ನನಗೆ ಗೊತ್ತಾದದ್ದು ಈ ಕಂಪ್ಯೂಟರುಗಳನ್ನೇ ಸಾಲುಸಾಲಾಗಿ ಇಟ್ಟಿರುವ ಡೇಟಾ ಸೆಂಟರ್ ಕೆಲಸಕ್ಕೆ ಸೇರಿದ ಮೇಲೆ.

ಅಲ್ಲಿ ಕರೆಂಟ್ ಹೋಗುವುದು ಅಪರೂಪ. ತೆಗೆಯುತ್ತಾರೆ. ಯುಪಿಎಸ್ ಸರ್ವಿಸ್, ಬ್ಯಾಟರಿ ಬದಲಾವಣೆ, ಸಡಿಲವಾದ ಬೋಲ್ಟು ಬಿಗಿ ಮಾಡುವುದು, ಹೀಗೆ ಏನಾದರೊಂದು ಬರುತ್ತಲೇ ಇರುತ್ತದೆ. ನಮ್ಮವರು ಅದನ್ನು 'ಆಕ್ಟಿವಿಟಿ' ಎನ್ನುತ್ತಾರೆ. ಶನಿವಾರ ಆಕ್ಟಿವಿಟಿ ಇದೆ ಎಂದರೆ ಭಾನುವಾರ ಮಧ್ಯಾಹ್ನದವರೆಗೆ ನನ್ನನ್ನು ಯಾರೂ ಎಬ್ಬಿಸಕೂಡದು. ಸರ್ವರುಗಳನ್ನು ಜೋಡಿಸಿಟ್ಟ ಪ್ರತಿ ರ‍್ಯಾಕಿಗೂ ಎ, ಬಿ ಎಂದು ಎರಡು ಫೀಡು, ಅಂದರೆ ಕರೆಂಟ್ ಬರುವ ಎರಡು ದಾರಿ. ಪ್ರತಿ ಸರ್ವರಿಗೂ ಎರಡು ಪವರ್ ಸಪ್ಲೈ, ಒಂದರ ವೈರು ಎ ಕಡೆಗೆ, ಇನ್ನೊಂದರದು ಬಿ ಕಡೆಗೆ. ಪಲ್ಲಕ್ಕಿ ಹೊರುವವರು ಹೆಗಲು ಬದಲಾಯಿಸಿದಂತೆ, ಎ ತೆಗೆದರೆ ಭಾರವೆಲ್ಲ ಬಿ ಮೇಲೆ. ಒಳಗಿನ ದೇವರಿಗೆ ಗೊತ್ತೇ ಆಗಬಾರದು.

ದೇವರಿಗೆ ಗೊತ್ತಾಗುವುದಿಲ್ಲ, ಪೂಜಾರಿಗೆ ಗೊತ್ತಾಗುತ್ತದೆ. ಸರ್ವರಿನೊಳಗೆ ಅದರ ಆರೋಗ್ಯ ನೋಡಿಕೊಳ್ಳಲೆಂದೇ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಬೇರೆಯೇ ಇರುತ್ತದೆ. ಸರ್ವರ್ ಆಫ್ ಆಗಿದ್ದರೂ, ವೈರಿನಲ್ಲಿ ಕರೆಂಟ್ ಇರುವ ತನಕ ಅದು ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಒಂದು ಶನಿವಾರ ರಾತ್ರಿ ಹನ್ನೆರಡಕ್ಕೆ ಎ ಫೀಡು ತೆಗೆದದ್ದೇ ತಡ, 160 ಸರ್ವರುಗಳೂ ಒಟ್ಟಿಗೆ ಬಾಯಿ ಬಿಟ್ಟವು. ಒಂದು ಪವರ್ ಸಪ್ಲೈಗೆ ಕರೆಂಟ್ ಬರುತ್ತಿಲ್ಲ ಎಂದು ಒಂದು ಮೇಲ್, ಇನ್ನು ಮೇಲೆ ಆಸರೆಗೆ ಎರಡನೆಯದಿಲ್ಲ ಎಂದು ಇನ್ನೊಂದು. ಒಟ್ಟು 320. ಕರೆಂಟ್ ವಾಪಸ್ ಬಂದ ಖುಷಿಗೆ ಮತ್ತೆ 320. ಯಾವುದೂ ಸುಳ್ಳಲ್ಲ. ಆದರೆ ಪಕ್ಕದ ಸರ್ವರಿನ ಕಡೆ ತಿರುಗಿ "ನಿಂದೂ ಹೋಯ್ತಾ?" ಎಂದು ಒಂದಾದರೂ ಕೇಳಬೇಡವೇ?

ಇದು ತಮಾಷೆಯಾಗೇ ಉಳಿಯುವುದಿಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅವಘಡವಾದಾಗ ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಹೊಡೆದುಕೊಂಡವು. ಅವನ್ನು ಮುದ್ರಿಸುತ್ತಿದ್ದ ಯಂತ್ರವೇ ಗಂಟೆಗಟ್ಟಲೆ ಹಿಂದೆ ಬಿತ್ತು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಬೇರ್ಪಡಿಸುವ ವ್ಯವಸ್ಥೆಯೇ ಇರಲಿಲ್ಲ.

ಹಾಗಾಗಿ ಆಕ್ಟಿವಿಟಿಗೆ ಮೊದಲು ಅಲರ್ಟುಗಳ ಬಾಯಿ ಕಟ್ಟುವುದು ವಾಡಿಕೆ. ಯಂತ್ರಗಳ ಮೇಲೆ ಕಣ್ಣಿಡುವ ನಾಗಿಯೋಸ್, ಜಾಬಿಕ್ಸ್ ತಂತ್ರಾಂಶಗಳಲ್ಲಿ ಅದಕ್ಕೆಂದೇ ವ್ಯವಸ್ಥೆಯಿದೆ: ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಈ ಯಂತ್ರಗಳ ಮಾತು ನಮಗೆ ಬೇಡ. ನಾಗಿಯೋಸ್‌ನಲ್ಲಿ ಯಂತ್ರಕ್ಕೊಂದು ತಾಯಿ ಯಂತ್ರವನ್ನೂ, ಅಂದರೆ ಅದನ್ನು ತಲುಪುವ ದಾರಿಯಲ್ಲಿರುವ ಯಂತ್ರವನ್ನೂ, ತೋರಿಸಬಹುದು. ತಾಯಿಯೇ ಮಲಗಿದ್ದರೆ ಮಗುವನ್ನು 'ಕೆಟ್ಟಿದೆ' ಎನ್ನದೆ 'ಕೈಗೆ ಸಿಗುತ್ತಿಲ್ಲ' ಎನ್ನುತ್ತದೆ. ನಮ್ಮಮ್ಮನ ಪ್ರಶ್ನೆಯನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನ ಅದು. ಆದರೆ ಅದು ನೆಟ್‌ವರ್ಕಿನ ದಾರಿಗೆ, ಕರೆಂಟಿನ ದಾರಿಗಲ್ಲ.

ಈ 640 ಮೇಲ್‌ಗಳ ಪಾಠ ಕಲಿತವನು ಮುಂದಿನ ಆಕ್ಟಿವಿಟಿಗೆ ಏನು ಮಾಡಿದೆ? ಯಾವ ಅಲರ್ಟಿನ ಬಾಯಿ ಕಟ್ಟಬೇಕೆಂದು ಒಂದೊಂದಾಗಿ ಆಯಲು ಬೇಸರವಾಗಿ ಅಷ್ಟೂ ರ‍್ಯಾಕುಗಳಿಗೆ ಒಟ್ಟಿಗೆ ಟಿಕ್ ಹಾಕಿದೆ. ಎ ಹೋಯಿತು, ಒಂದು ಮೇಲೂ ಬರಲಿಲ್ಲ. ಎಂಥ ಪ್ರಶಾಂತ ರಾತ್ರಿ! ಫ್ಲಾಸ್ಕಿನ ಕಾಫಿಯನ್ನು ಎರಡನೇ ಸಲ ಬಗ್ಗಿಸಿಕೊಳ್ಳುವ ಹೊತ್ತಿಗೆ ಫೋನು. ನಮ್ಮದೇ ಕಂಪನಿಯ ಲಂಡನ್ ಆಫೀಸಿನವರು, ರಿಪೋರ್ಟ್ ತೆರೆಯುತ್ತಿಲ್ಲವಂತೆ. ಒಂದು ಸರ್ವರ್ ಸತ್ತಿತ್ತು. ಅದರ ಎರಡೂ ವೈರು ಎ ಕಡೆಗೇ ಚುಚ್ಚಿದ್ದವು. ವೈರುಗಳು ಅಂದವಾಗಿ ಕಾಣಲೆಂದು ಹಿಂದಿನ ಆಕ್ಟಿವಿಟಿ ಮುಗಿದ ಮೇಲೆ ಹಾಗೆ ಚುಚ್ಚಿದ ಪುಣ್ಯಾತ್ಮ ನಾನೇ. ಕರೆಂಟ್ ಪೂರ್ತಿ ಹೋದದ್ದರಿಂದ ಅದರ ಬಿಎಂಸಿಯೂ ಮಾತಾಡದೆ ಹೋಗಿತ್ತು. ಹಿಂದಿನ ಸಲ ಅಷ್ಟು ಕೂಗಾಡಿದವೆಲ್ಲ ಗಟ್ಟಿಮುಟ್ಟಾಗಿದ್ದವು, ಸತ್ತದ್ದು ಉಸಿರೆತ್ತಲಿಲ್ಲ. ಪಿಂಗ್‌ಗೆ, ಅಂದರೆ 'ಇದ್ದೀಯಾ?' ಎಂಬ ಕೂಗಿಗೆ, ಉತ್ತರವಿಲ್ಲ ಎಂದು ಹೊರಗಿನಿಂದ ಹೇಳಬೇಕಿದ್ದ ಅಲರ್ಟಿನ ಬಾಯನ್ನೂ ನಾನೇ ಕಟ್ಟಿದ್ದೆ. ಈಗ ಪವರ್ ಸಪ್ಲೈ ಅಲರ್ಟುಗಳ ಬಾಯನ್ನಷ್ಟೇ ಆಯ್ದು ಕಟ್ಟುತ್ತೇನೆ, ಪಿಂಗನ್ನು ಮುಟ್ಟುವುದಿಲ್ಲ.

ನಾನು ಕಟ್ಟಲು ಮರೆತ ಬಾಯಿ ಇನ್ನೊಂದಿತ್ತು. ಕೆಲವು ಯಂತ್ರಗಳು ನಮ್ಮನ್ನು ಕೇಳದೆ ನೇರ ತಯಾರಕರಿಗೇ ದೂರು ಕೊಡುತ್ತವೆ. ಗಂಡನ ಮನೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ತವರಿಗೆ ಫೋನು ಹಚ್ಚಿದಂತೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರ್ವಿಸಿನ ಹುಡುಗ ಹೊಸ ಪವರ್ ಸಪ್ಲೈ ಡಬ್ಬ ಹಿಡಿದು ಗೇಟಿನಲ್ಲಿ ನಿಂತಿದ್ದ. ಏನೂ ಕೆಟ್ಟಿಲ್ಲಪ್ಪ ಎಂದರೆ ಅವನಿಗೇನೂ ಆಶ್ಚರ್ಯವಾಗಲಿಲ್ಲ. ಅದೇ ಕಟ್ಟಡದ ಬೇರೆ ಮಹಡಿಗಳಿಗೆಂದು ಅವನ ಬ್ಯಾಗಿನಲ್ಲಿ ಅಂಥವೇ ಇನ್ನೆರಡು ಡಬ್ಬಗಳಿದ್ದವು. ಸಹಿಗೆ ಹಾಳೆ ಚಾಚುತ್ತಾ ಕೇಳಿದ:

"ನಿಮ್ದೂ ಶನಿವಾರ ರಾತ್ರಿನೇ ಹೋಗಿತ್ತಾ ಸಾರ್?"