ಎತ್ತಿ ಬಿಟ್ರ ಆಗ್ತಿರ್ಲಿಲ್ಲೇನು?

ಯುಗಾದಿಗೆ ಊರಿಗೆ ಹೋಗಿದ್ದೆ. ಅಫಜಲಪುರ ತಾಲ್ಲೂಕು, ಭೀಮಾ ದಂಡೆಯ ಊರು. ಸಂಜೆ ಕಟ್ಟೆ ಮೇಲೆ ಕೂತಾಗ ಕಾಕಾಗೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದೆ. ಚೆನ್ನೈನ ಬೆಸಂಟ್ ನಗರ ಬೀಚಿನಲ್ಲಿ ಕಡಲಾಮೆ ಮರಿಗಳು ನೀರಿನ ಕಡೆ ಹೊರಟದ್ದು. ಕಾಕಾ ಪೂರ್ತಿ ನೋಡಿದರು.

“ತಮ್ಮಾ, ಎತ್ತಿ ನೀರಾಗ ಬಿಟ್ರ ಆಗ್ತಿರ್ಲಿಲ್ಲೇನು? ಅಷ್ಟು ಮಂದಿ ಸುಮ್ನ ನಿಂತು ನೋಡ್ಲಿಕತ್ತೀರಿ. ಪಾಪ, ಅವು ಒದ್ದಾಡ್ಲಿಕತ್ತಾವ.”

ಕಟ್ಟೆ ಮೇಲಿದ್ದವರೆಲ್ಲ ಹೌದೌದು ಅಂದರು. ನನಗೆ ಚುಚ್ಚಿತು. ಹಾಗೆ ಸುಮ್ನೆ ನಿಂತವರಲ್ಲಿ ನಾನೂ ಒಬ್ಬ.

ಚೆನ್ನೈ ಸೇರಿ ಒಂಬತ್ತು ವರ್ಷವಾಯಿತು. ಅಲ್ಲಿ ನನಗೆ ಹಿಡಿಸಿದ್ದು ಈ ನಿಲ್ಲುವುದೇ. 1988ರಿಂದ ಅಲ್ಲಿನ ವಿದ್ಯಾರ್ಥಿಗಳ ಒಂದು ಗುಂಪು ಜನವರಿ ಬಂತೆಂದರೆ ಆಮೆ ಮೊಟ್ಟೆ ಹುಡುಕುತ್ತ ರಾತ್ರಿಯೆಲ್ಲ ದಂಡೆ ಮೇಲೆ ನಡೆಯುತ್ತದೆ. ಆಲಿವ್ ರಿಡ್ಲಿ ಅನ್ನುವ ಜಾತಿಯ ಈ ಕಡಲಾಮೆ ಒಂದು ಸಲಕ್ಕೆ ನೂರರ ಹತ್ತಿರ ಮೊಟ್ಟೆ ಇಡುತ್ತದೆ. ನಾಯಿ ಅಗೆಯುವ ಮೊದಲೇ ಅವನ್ನು ತಂದು ಬೇಲಿ ಕಟ್ಟಿದ ಜಾಗದ ಮರಳಲ್ಲಿ ಹೂಳುತ್ತಾರೆ. ಒಂದೂವರೆ ತಿಂಗಳ ಮೇಲೆ ಮರಿಗಳು ಹೊರಬರುತ್ತವೆ. ಅವನ್ನು ನೀರಿನ ಹತ್ತಿರದ ಮರಳಲ್ಲಿ ಬಿಟ್ಟ ಮೇಲೆ ಯಾರೂ ಮುಟ್ಟುವುದಿಲ್ಲ.

ಆ ವಿಡಿಯೋ ತೆಗೆದ ದಿನ ಹೊತ್ತು ಮುಳುಗುತ್ತಿತ್ತು. ಕಪ್ಪು ಮರಿ, ಅಂಗೈಯ ಅರ್ಧ ಕೂಡ ಇಲ್ಲ. ಕಾಲಿನ ಜಾಗದಲ್ಲಿ ದೋಣಿಯ ಹುಟ್ಟಿನಂಥದ್ದು. ಒಂದು ಮರಿ ಯಾರದೋ ಹೆಜ್ಜೆ ಗುಂಡಿಗೆ ಬಿತ್ತು. ಅದಕ್ಕೆ ಅದು ಬಾವಿ. ಅರ್ಧ ಹತ್ತಿತು, ಜಾರಿತು. ಮತ್ತೆ ಹತ್ತಿತು, ಮರಳು ಕುಸಿದು ಮತ್ತೆ ಜಾರಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಮೆಲ್ಲಗೆ “ಅಣ್ಣಾ, ವೇಂಡಾಂ” ಅಂದಳು, ಬೇಡ ಅಂತ. ಮೂರನೇ ಸಲ ಮರಿ ಹತ್ತಿತು.

ಆ ನಾಲ್ಕು ಮಾರು ನಡಿಗೆಯಲ್ಲೇ ಅದು ದಂಡೆಯ ಗುರುತು ಹಿಡಿಯುತ್ತದೆ ಅಂತ ಬಲ್ಲವರು ಹೇಳುತ್ತಾರೆ. ಹೆಣ್ಣಾದರೆ ಎಷ್ಟೋ ವರ್ಷದ ಮೇಲೆ ಮೊಟ್ಟೆಯಿಡಲು ಹುಟ್ಟಿದ ಕಡೆಗೇ ಮರಳುತ್ತದೆ. ಬೆಳಕು ಎಲ್ಲಿ ಜಾಸ್ತಿಯೋ ಅತ್ತ ಮರಿ ಹೋಗುತ್ತದೆ. ಹಿಂದೆ ಬೆಳಕೆಂದರೆ ಸಮುದ್ರವೇ. ಈಗ ಬೀದಿ ದೀಪವೂ ಬೆಳಕೇ. ಅದಕ್ಕೇ ಒಬ್ಬರೂ ಟಾರ್ಚ್ ಹಚ್ಚಲಿಲ್ಲ. ನೂರು ಜನ, ಚಿಕ್ಕ ಮಕ್ಕಳು ಸೇರಿ, ಕತ್ತಲಾಗುವವರೆಗೂ ಹಾಗೇ ನಿಂತೆವು.

ನಮ್ಮ ಕಡೆ ಇದು ಆಗುತ್ತಾ? ನನಗೆ ನಂಬಿಕೆ ಇಲ್ಲ. ನಮ್ಮಲ್ಲಿ ಕರುಣೆ ಅಂದರೆ ಕೈ ಹಾಕುವುದು. ಕೆಲವು ವರ್ಷದ ಹಿಂದೆ ನಮ್ಮ ತೊಗರಿ ಹೊಲದಲ್ಲಿ ಚಿಗರಿ ಮರಿಯೊಂದು ಮುದುಡಿ ಮಲಗಿತ್ತು. ತಾಯಿ ಮರಿಯನ್ನು ಹಾಗೇ ಅಡಗಿಸಿಟ್ಟು ಮೇಯಲು ಹೋಗುತ್ತದೆ, ಹಾಲು ಕುಡಿಸಲು ಬರುತ್ತದೆ. ನಮ್ಮ ಹುಡುಗರು ತಬ್ಬಲಿ ಅಂದುಕೊಂಡು ಎತ್ತಿಕೊಂಡು ಬಂದರು. ಅರಿಶಿನ ಹಚ್ಚಿದರು. ಆಕಳ ಹಾಲು ಹಾಕಿದರು. ಊರೆಲ್ಲ ಬಂದು ಬೆನ್ನು ಸವರಿತು. ಮೂರನೇ ದಿನ ಸತ್ತಿತು. ಅಷ್ಟೂ ದಿನ ಒಂದು ಹೆಣ್ಣು ಚಿಗರಿ ಬದುವಿನ ಗುಂಟ ಓಡಾಡುತ್ತಿತ್ತು. ನೋಡಿದವರು ಇದ್ದರು. ಮರಿಯನ್ನು ಅಲ್ಲೇ ಇಟ್ಟು ಬರೋಣ ಅಂತ ಒಬ್ಬರೂ ಅನ್ನಲಿಲ್ಲ. ಅವತ್ತಿನ ಸಿಟ್ಟು ನನಗಿನ್ನೂ ಇದೆ. ಕಟ್ಟೆ ಮೇಲೆ ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ.

ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. “ಮಡುವಿನ ಆಮಿ ನೆನಪದಾವೇನು?” ಅಂದರು.

ನೆನಪಿದ್ದವು. ಬೇಸಿಗೆಯಲ್ಲಿ ಭೀಮಾ ಬತ್ತಿದಾಗ ಅಲ್ಲಲ್ಲಿ ಮಡು ಉಳಿಯುತ್ತದೆ. ಅದೂ ಆರಿ ಕೆಸರಾದರೆ ಆಮೆಗಳು ಅಲ್ಲೇ ಸಿಕ್ಕಿಬೀಳುತ್ತವೆ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಹುಡುಗರು ಅವಕ್ಕೆ ಕಲ್ಲು ಹೊಡೆಯುತ್ತಿದ್ದರು. ಕಾಕಾ ಅವರನ್ನು ಬೈದು ಓಡಿಸಿ, ಮೊಳಕಾಲುದ್ದ ಕೆಸರಿಗೆ ಇಳಿದು, ಒಂದೊಂದೇ ಆಮೆ ಎತ್ತಿ ಬಕೇಟಿಗೆ ಹಾಕಿದ್ದರು. ಮೇಲಿನ ದೊಡ್ಡ ಮಡುವಿನವರೆಗೆ ನಾನೂ ಬಕೇಟಿನ ಒಂದು ಕಡೆ ಹಿಡಿದಿದ್ದೆ. ಅಲ್ಲಿ ಸುಮ್ನೆ ನಿಂತು ನೋಡಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಎತ್ತಿ ಬಿಟ್ರ ಆಗ್ತಿರ್ಲಿಲ್ಲೇನು ಅಂತ ಕಾಕಾ ಕೇಳಿದ್ದು ಆ ಬಕೇಟಿನ ನೆನಪಿನಿಂದ.

ಚೆನ್ನೈ ಬಗ್ಗೆಯೂ ಇಷ್ಟು ಒಪ್ಪಲೇಬೇಕು. ಆ ಮೊಟ್ಟೆಗಳನ್ನು ಅಗೆದು ತಂದದ್ದೂ ಮನುಷ್ಯರ ಕೈಯೇ. 2025ರ ಜನವರಿಯಲ್ಲಿ ಅದೇ ದಂಡೆಗೆ ನೂರಾರು ದೊಡ್ಡ ಆಮೆಗಳು ಸತ್ತು ಬಂದು ಬಿದ್ದವು. ಟ್ರಾಲರ್ ಅಂದರೆ ಬಲೆ ಎಳೆಯುತ್ತ ಮೀನು ಹಿಡಿಯುವ ದೊಡ್ಡ ದೋಣಿ; ಅದರ ಬಲೆಗೆ ಸಿಕ್ಕಿದ ಆಮೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ. ಅಷ್ಟು ಶಿಸ್ತಿನಿಂದ ನಿಲ್ಲುವ ಊರಿನ ಕಡಲಲ್ಲೂ ಅದು ನಡೆಯಿತು.

ಕಾಕಾ ಇನ್ನೂ ಸಮುದ್ರ ನೋಡಿಲ್ಲ. ಮುಂಬೈಯಿಂದ ಚೆನ್ನೈಗೆ ಹೋಗುವ ರೈಲು ಕಲಬುರಗಿ ಮೇಲೆಯೇ ಹೋಗುತ್ತದೆ. ಬರುವ ಮಾರ್ಚಿಗೆ, ತೊಗರಿ ರಾಶಿ ಮುಗಿದ ಮೇಲೆ, ಬರ್ತೀನಿ ಅಂದಿದ್ದಾರೆ.